ಉಮೇದುವಾರರು ಕೇಳಿದ ಲೆಕ್ಕ

ಕೆಲಸ ಕೇಳಿಕೊಂಡು ಬಂದವನನ್ನು ನಮ್ಮ ಹಳೆಯ ಕಚೇರಿ ಕನ್ನಡ ‘ಉಮೇದುವಾರ’ ಎನ್ನುತ್ತಿತ್ತು. ಪಾರಸಿಯಲ್ಲಿ ಉಮೇದು ಎಂದರೆ ಆಸೆ, ನಿರೀಕ್ಷೆ. ಆಸೆ ಇಟ್ಟುಕೊಂಡು ಕಾಯುವವನು ಉಮೇದುವಾರ. ಇಂದು ಆ ಮಾತು ಚುನಾವಣೆಗೆ ನಿಲ್ಲುವವರ ಪಾಲಾಗಿದೆ, ಉದ್ಯೋಗದ ಕಡೆ ‘ಅಭ್ಯರ್ಥಿ’ ಬಂದು ಕೂತಿದೆ. ಉಮೇದು ಎಂದರೆ ಹುರುಪು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತ್ಯದ ಕಲೆಕ್ಟರ್ ಕಚೇರಿಗಳಲ್ಲಿ ಉಮೇದುವಾರಿಕೆ ಹೆಚ್ಚುಕಡಿಮೆ ಒಂದು ಹುದ್ದೆಯಂತೆಯೇ ಇತ್ತು; ಸಂಬಳ ಮಾತ್ರ ಇರಲಿಲ್ಲ. ನಮ್ಮ ಬಳ್ಳಾರಿ ಆ ಪ್ರಾಂತ್ಯಕ್ಕೇ ಸೇರಿತ್ತು, ಶತಮಾನದ ಉದ್ದಕ್ಕೂ ಮಂಗಳೂರು ಕೂಡ. ಹುಡುಗನೊಬ್ಬ ಸೋದರಮಾವನನ್ನೋ ದಾಯಾದಿಯನ್ನೋ ಹಿಡಿದು ಕಚೇರಿಗೆ ಬರುತ್ತಿದ್ದ. ಗುಮಾಸ್ತರ ಪಕ್ಕ ಕೂತು ಕಾಗದ ನಕಲು ಮಾಡುತ್ತಿದ್ದ, ಲೆಕ್ಕ ಕೂಡಿಸುತ್ತಿದ್ದ. ಅಕ್ಷರ ದುಂಡಗಾಗುವವರೆಗೆ, ಮೇಲಿನವರ ಕಣ್ಣಿಗೆ ಬೀಳುವವರೆಗೆ, ಎಲ್ಲಾದರೂ ಒಂದು ಜಾಗ ಖಾಲಿಯಾಗುವವರೆಗೆ ಹಾಗೇ ದುಡಿಯುತ್ತಿದ್ದ. ತಯಾರಿ, ಪರೀಕ್ಷೆ, ಸಂದರ್ಶನ ಮೂರೂ ಅದರಲ್ಲೇ ಮುಗಿಯುತ್ತಿದ್ದವು. ಸಂಬಳವಿಲ್ಲದೆ ಮಗನನ್ನು ಸಾಕಬಲ್ಲ ಮನೆ ಮತ್ತು ಕಚೇರಿಯೊಳಗೊಬ್ಬ ನೆಂಟ, ಇವೆರಡೂ ಇಲ್ಲದವನು ಉಮೇದುವಾರನೂ ಆಗುವಂತಿರಲಿಲ್ಲ. ಅವನನ್ನು ಯಾರೂ ತಿರಸ್ಕರಿಸಬೇಕಾಗಿಯೇ ಬರಲಿಲ್ಲ. ಅವನು ಬಾಗಿಲವರೆಗೆ ಬಂದದ್ದೇ ಇಲ್ಲ.

ಇಂದು ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಮರಳಿದವರಿಗೆ ನಾವು ಎರಡು ಬಗೆಯ ಸಮಾಧಾನ ಹೇಳುತ್ತೇವೆ. ಒಂದು ಹಣೆಬರಹದ್ದು. ಇನ್ನೊಂದು ಮಹನೀಯರದ್ದು: ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ, ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಹಚ್ಚುವ ಕೆಲಸ ಮಾಡಿದರು, ಆಮೇಲೆ ಡಿವಿಜಿ ಆದರು. ನೀನೂ ಧೈರ್ಯಗೆಡಬೇಡ, ಇನ್ನೊಮ್ಮೆ ತಯಾರಾಗು. ಈ ಎರಡನೆಯ ಮಾತಿನಲ್ಲಿ ನಿಜವಿದೆ, ಬಲವೂ ಇದೆ. ಆದರೆ ಅದು ಸೋಲನ್ನು ಸೋತವನ ಸ್ವಂತ ವಿಷಯವಾಗಿಯೇ ಉಳಿಸುತ್ತದೆ. ಬಾಗಿಲು ಎಷ್ಟು ಅಗಲವಿತ್ತು, ಅದರ ಅಳತೆ ಯಾರದು ಎಂದು ಕೇಳುವುದಿಲ್ಲ. ಡಿವಿಜಿಯವರ ಕಾಲದಲ್ಲಿ ಆ ಬಾಗಿಲ ಹೊರಗೇ ನಿಂತ ಉಳಿದವರೆಲ್ಲ ಏನಾದರು ಎಂಬ ಪ್ರಶ್ನೆಗೆ ಮಹನೀಯರ ಪಟ್ಟಿಯಲ್ಲಿ ಉತ್ತರವಿಲ್ಲ. ನಮ್ಮ ನಾಡಿನ ನೌಕರಿಯ ಚರಿತ್ರೆಯನ್ನು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ ಎಂಬುದು ಈ ಲೇಖನದ ವಾದ. ಪರೀಕ್ಷೆಯ, ಸಂದರ್ಶನದ ನಿಯಮಗಳನ್ನು ತಿದ್ದುವ ಒತ್ತಡ ಮತ್ತೆ ಮತ್ತೆ ಬಂದದ್ದು ಕೆಲಸ ಕೈತಪ್ಪಿದವರಿಂದ. ಅವರು ‘ನನ್ನನ್ನು ಯಾಕೆ ಬಿಟ್ಟಿರಿ, ಲೆಕ್ಕ ತೋರಿಸಿ’ ಎಂದು ಕೇಳಿದಾಗೆಲ್ಲ ಬಾಗಿಲಿನ ಅಳತೆ ಒಂದಿಷ್ಟು ಬದಲಾಗಿದೆ. ಹಾಗೆ ಕೇಳುವುದನ್ನು ಕೂಡ ಉದ್ಯೋಗದ ತಯಾರಿಯ ಭಾಗವೆಂದೇ ಎಣಿಸಬೇಕು.

ಈ ಕಥೆಯ ಮೊದಲ ದೊಡ್ಡ ಉದಾಹರಣೆ ಕರ್ನಾಟಕದ್ದಲ್ಲ, ಕಲ್ಕತ್ತೆಯದು. ಮೆಕಾಲೆ ಸಮಿತಿಯ 1854ರ ವರದಿಯ ಮೇಲೆ, ಮರುವರ್ಷ ಲಂಡನ್ನಿನಲ್ಲಿ ಐಸಿಎಸ್‌ಗೆ ಸ್ಪರ್ಧಾ ಪರೀಕ್ಷೆ ಶುರುವಾಯಿತು. ಅದಕ್ಕೂ ಮುಂಚೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮಗೆ ಬೇಕಾದವರ ಹೆಸರು ಸೂಚಿಸಿದರೆ ಮುಗಿಯುತ್ತಿತ್ತು. ಅಂದರೆ ವಶೀಲಿಯೇ ನಿಯಮವಾಗಿತ್ತು. ಪರೀಕ್ಷೆ ಅದಕ್ಕಿಂತ ನ್ಯಾಯವಾದದ್ದೇ. ಆದರೆ ಭಾರತದ ಹುಡುಗ ಸಮುದ್ರ ದಾಟಿ ಹೋಗಿ ಬರೆಯಬೇಕಿತ್ತು. ಭಾರತದಲ್ಲೇ, ಅಲಹಾಬಾದಿನಲ್ಲಿ, ಬರೆಯುವ ಅವಕಾಶ ಸಿಕ್ಕಿದ್ದು 1922ರಲ್ಲಿ. 1869ರಲ್ಲಿ ಸುರೇಂದ್ರನಾಥ ಬ್ಯಾನರ್ಜಿ ಲಂಡನ್ನಿನಲ್ಲಿ ಪಾಸಾದರು, ಪಾಸಾದ ಮೇಲೆ ವಯಸ್ಸು ಮೀರಿದೆ ಎಂದು ಅವರ ಹೆಸರನ್ನು ಹೊಡೆದುಹಾಕಲಾಯಿತು. ತಕರಾರು ಹುಟ್ಟಿದ್ದು ಎಣಿಕೆಯ ಪದ್ಧತಿಯಿಂದ. ಅವರು ಹಿಂದೆ ಕಲ್ಕತ್ತೆಯ ಮೆಟ್ರಿಕ್ಯುಲೇಷನ್ ಅರ್ಜಿಯಲ್ಲಿ ನಮ್ಮ ದೇಶದ ರೂಢಿಯಂತೆ ನಡೆಯುವ ವರ್ಷವನ್ನು ಹೇಳಿದ್ದರು. ಲಂಡನ್ನಿನವರು ತುಂಬಿದ ವರ್ಷವೆಂದು ಓದಿದರು. ಅಜ್ಜಿ ‘ಮಗುವಿಗೆ ಹದಿನಾರು ನಡೀತಿದೆ’ ಎನ್ನುವುದಕ್ಕೂ ಸರ್ಟಿಫಿಕೇಟು ‘ಹದಿನಾರು’ ಎನ್ನುವುದಕ್ಕೂ ಇರುವ ವ್ಯತ್ಯಾಸವದು. ಸುರೇಂದ್ರನಾಥರು ಅದನ್ನು ಹಣೆಬರಹ ಎನ್ನಲಿಲ್ಲ, ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೊರೆಹೋದರು. ಅವರ ಹೆಸರು ಪಟ್ಟಿಗೆ ಮರಳಿತು, 1871ರಲ್ಲಿ ಸಿಲ್ಹೆಟ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಮೂರೇ ವರ್ಷಕ್ಕೆ ಆ ನೌಕರಿ ಹೋಯಿತು, ಅದು ಬೇರೆ ಕಥೆ. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಇಷ್ಟು: ಅನರ್ಹತೆ ಎಂದು ಬರೆದದ್ದು ಅಭ್ಯರ್ಥಿಯಲ್ಲಿರಲಿಲ್ಲ, ಅಳೆಯುವವರು ಹಿಡಿದ ಪಂಚಾಂಗದಲ್ಲಿತ್ತು. ಅರವಿಂದ ಘೋಷರ ವಿಷಯದಲ್ಲಿ ಅಳತೆ ಇನ್ನೂ ವಿಚಿತ್ರ. ಲಿಖಿತ ಪರೀಕ್ಷೆಯನ್ನು ಗೆದ್ದಿದ್ದ ಅವರನ್ನು 1892ರಲ್ಲಿ ಕುದುರೆ ಸವಾರಿಯ ಪರೀಕ್ಷೆ ಮುಗಿಸಲಿಲ್ಲವೆಂದು ಬಿಡಲಾಯಿತು. ಅವರಿಗೇ ಆ ನೌಕರಿ ಬೇಕಿರಲಿಲ್ಲ ಎಂಬ ಮಾತನ್ನು ಒಪ್ಪಿದರೂ, ಜಿಲ್ಲೆಯನ್ನಾಳುವವನು ಕುದುರೆಯ ಮೇಲೆ ಹೇಗೆ ಕೂರುತ್ತಾನೆ ಎಂಬುದು ಆ ಕಾಲಕ್ಕೆ ‘ಅರ್ಹತೆ’ಯ ಪಟ್ಟಿಯಲ್ಲಿತ್ತೆಂಬುದು ಉಳಿಯುತ್ತದೆ.

ಮೈಸೂರಿಗೆ ಬರೋಣ. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಆಡಳಿತದ ಮೇಲಿನ ಮೆಟ್ಟಿಲುಗಳಲ್ಲಿ ಮದರಾಸಿನಿಂದ ಬಂದ ಇಂಗ್ಲಿಷ್ ವಿದ್ಯಾವಂತರು ಬಹಳ ಜನ. ದಿವಾನ್ ರಂಗಾಚಾರ್ಲು ಅಲ್ಲಿಂದಲೇ ಬಂದವರು, ಅವರ ನಂತರದ ಶೇಷಾದ್ರಿ ಅಯ್ಯರ್ ಕೂಡ. ಶೇಷಾದ್ರಿ ಅಯ್ಯರ್ 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಆರಂಭಿಸಿದರು. ಶಿಫಾರಸಿನ ಜಾಗದಲ್ಲಿ ಅಂಕ ಬಂತು, ಸಣ್ಣ ಸಂಗತಿಯಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಂಥ, ದೊಡ್ಡ ವಶೀಲಿಯಿಲ್ಲದ ಮನೆಯ ಹುಡುಗ ಅಸಿಸ್ಟೆಂಟ್ ಕಮಿಷನರ್ ಆದದ್ದು ಇಂಥ ಪರೀಕ್ಷೆಯ ದಾರಿಯಿಂದಲೇ. ಆದರೂ ಹೊರಗಿನವರೇ ಹುದ್ದೆ ತುಂಬುತ್ತಾರೆ, ಮೈಸೂರು ಮೈಸೂರಿಗರಿಗೆ ಬೇಕು ಎಂಬ ಕೂಗು ನಿಲ್ಲಲಿಲ್ಲ. ಅದು ಇಳಿಯುವ ಹೊತ್ತಿಗೆ ಅದಕ್ಕಿಂತ ಆಳದ ಇನ್ನೊಂದು ಪ್ರಶ್ನೆ ಎದ್ದಿತು. ಮೈಸೂರಿಗರೆಂದರೂ ಯಾವ ಮೈಸೂರಿಗರು? 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಅದರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಮನವಿ ಇಟ್ಟರು: ಸರ್ಕಾರಿ ಹುದ್ದೆಗಳೆಲ್ಲ ಹೆಚ್ಚಾಗಿ ಒಂದೇ ಸಮುದಾಯದ ಕೈಯಲ್ಲಿವೆ, ನಮ್ಮ ಮಕ್ಕಳಿಗೆ ದಾರಿಯಿಲ್ಲ. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ, ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು. 1921ರ ಆದೇಶದ ಪ್ರಕಾರ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗುವಂತೆ ಮಾಡಬೇಕೆಂದಾಯಿತು.

ವಿಶ್ವೇಶ್ವರಯ್ಯನವರ ಆಕ್ಷೇಪವನ್ನು ಲಘುವಾಗಿ ನೋಡಬಾರದು. ಅರ್ಹತೆಯೊಂದೇ ಅಳತೆಯಾಗಿರಬೇಕು, ಶಿಕ್ಷಣ ಹರಡಿದಂತೆ ಉಳಿದವರೂ ಅದೇ ಅಳತೆಗೆ ಬರುತ್ತಾರೆ ಎಂಬುದು ಪ್ರಾಮಾಣಿಕ ನಂಬಿಕೆ. ಶಿಕ್ಷಣ ಹರಡಲು ಅವರಷ್ಟು ದುಡಿದವರೂ ಕಡಿಮೆ. ಆದರೆ ಮಿಲ್ಲರ್ ವರದಿ ಈ ಆಕ್ಷೇಪಕ್ಕೆ ಕೊಟ್ಟ ಉತ್ತರ ನೂರು ವರ್ಷದ ನಂತರವೂ ಓದುವಂತಿದೆ. ದಕ್ಷತೆಯನ್ನು ಪದವಿಯ ಅಂಕದಿಂದಷ್ಟೇ ಅಳೆಯಲಾಗದು. ಆಡಳಿತದ ಎಷ್ಟೋ ಶಾಖೆಗಳಲ್ಲಿ ಜನರ ಮೇಲಿನ ಕಳಕಳಿ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನ ಇವೂ ಓದಿನಷ್ಟೇ ಮುಖ್ಯ ಎಂಬುದು ಅದರ ಅಭಿಪ್ರಾಯ. ಇಲ್ಲಿ ಸ್ವಲ್ಪ ನಿಲ್ಲಬೇಕು. 1919ರ ಮೈಸೂರಿನಲ್ಲಿ ‘ವ್ಯಕ್ತಿತ್ವ’ವನ್ನು ಎತ್ತಿಹಿಡಿದದ್ದು ಹೊರಗೆ ನಿಂತವರ ಪರವಾದ ವರದಿ, ಬಾಗಿಲು ಮುಚ್ಚಿದ್ದು ಅಂಕ. ಮುಂದೆ ನೋಡಲಿರುವಂತೆ, ಸುಮಾರು ನಲವತ್ತೈದು ವರ್ಷದ ಮೇಲೆ ಅದೇ ರಾಜ್ಯದಲ್ಲಿ ಅಭ್ಯರ್ಥಿಗಳು ‘ವ್ಯಕ್ತಿತ್ವಕ್ಕೆ ಅಂಕ’ ಎಂಬುದರ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. ಆದ್ದರಿಂದ ಲಿಖಿತ ಪರೀಕ್ಷೆ ಬಡವರ ಪಕ್ಷ, ಸಂದರ್ಶನ ಉಳ್ಳವರ ಪಕ್ಷ ಎಂಬ ಸರಳ ಲೆಕ್ಕ ಚರಿತ್ರೆಗೆ ಹೊಂದುವುದಿಲ್ಲ. ಎರಡೂ ಸಾಧನಗಳು ಎರಡೂ ಕಡೆ ದುಡಿದಿವೆ. ಸಾಧನ ಯಾವುದೇ ಇರಲಿ, ಅದನ್ನು ಹಿಡಿದವರು ತಾವು ಹೇಗೆ ಅಳೆದೆವೆಂದು ತೋರಿಸಬೇಕಾಗಿತ್ತೇ ಇಲ್ಲವೇ ಎಂಬುದೇ ಪ್ರತಿ ಸಲವೂ ನಿರ್ಣಾಯಕವಾಗಿದೆ.

ಸಂದರ್ಶನ ಪರೀಕ್ಷೆಯ ಒಂದು ಪತ್ರಿಕೆಯಂತೆ ಅಂಕ ಹೊತ್ತುಕೊಂಡು ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಬ್ರಿಟನ್ನಿನ ಲೀದ್ಸ್ ಸಮಿತಿ 1917ರಲ್ಲಿ ಅದನ್ನು ಶಿಫಾರಸು ಮಾಡಿತು: ವಿದ್ಯೆಯ ಪರೀಕ್ಷೆ ಲಿಖಿತದಲ್ಲಿ ಆಗಿದೆ, ಇಲ್ಲಿ ಸಾಮಾನ್ಯ ವಿಷಯಗಳ ಬಗ್ಗೆ ಮಾತಾಡಿಸಿ ಬುದ್ಧಿಯ ಚುರುಕನ್ನು ನೋಡಬೇಕು. ಸ್ವತಂತ್ರ ಭಾರತದ ಆಯೋಗಗಳು ಅದನ್ನು ಉಳಿಸಿಕೊಂಡವು. ಮೈಸೂರಿನ ಲೋಕಸೇವಾ ಆಯೋಗ 1951ರ ಮೇ ತಿಂಗಳಲ್ಲಿ ಕೆಲಸ ಶುರುಮಾಡಿತು. ಆದರೆ ನಮ್ಮಲ್ಲಿ ಸಂದರ್ಶನದ ಬಗ್ಗೆ ದೊಡ್ಡ ವಾದ ನಡೆದದ್ದು ನೌಕರಿಯ ಬಾಗಿಲಲ್ಲಲ್ಲ, ಅದರ ಹಿಂದಿನ ಅಂಗಳದಲ್ಲಿ, ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳ ಸೀಟಿನ ವಿಷಯದಲ್ಲಿ. 1963ರಲ್ಲಿ ಮೈಸೂರು ಸರ್ಕಾರ ಸೀಟು ಹಂಚಲು ಸಂದರ್ಶನ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅದಕ್ಕೆ. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಟ, ಚರ್ಚೆ, ನಾಟಕ ಇವಕ್ಕೆಲ್ಲ ಸೇರಿ ಆ ಅಂಕ. ಹಳ್ಳಿಯ ಹೈಸ್ಕೂಲಿನಲ್ಲಿ ಎನ್‌ಸಿಸಿ ಎಲ್ಲಿತ್ತು, ಚರ್ಚಾಸ್ಪರ್ಧೆ ಎಲ್ಲಿತ್ತು? ಸೀಟು ಸಿಗದವರು ಹೈಕೋರ್ಟಿಗೆ ಹೋದರು. ಆಯ್ಕೆ ಸಮಿತಿ ತನ್ನ ಅಧಿಕಾರವನ್ನು ದುರುಪಯೋಗ ಮಾಡಿಕೊಂಡಿದೆ, ಸಂದರ್ಶನ ಮತ್ತೆ ನಡೆಸಿ ಎಂದು ಹೈಕೋರ್ಟ್ ಹೇಳಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ 1964ರ ಜನವರಿಯಲ್ಲಿ ತೀರ್ಮಾನವಾಯಿತು. ಕಾನೂನಿನ ಪುಸ್ತಕಗಳಲ್ಲಿ ಅದು ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ. ಸಂದರ್ಶನ ಎಂಬ ಪದ್ಧತಿಯೇ ತಪ್ಪಲ್ಲ, ದುರುಪಯೋಗವಾದರೆ ಆಗ ನೋಡೋಣ ಎಂದು ಬಹುಮತ ಹೇಳಿತು. ಐವರಲ್ಲಿ ನ್ಯಾಯಮೂರ್ತಿ ಮುಧೋಳ್ಕರ್ ಒಪ್ಪಲಿಲ್ಲ. ಸಿಇಟಿ ಬಂದ 1994ರ ಹೊತ್ತಿಗೆ ನಮ್ಮ ವೃತ್ತಿಶಿಕ್ಷಣದ ಸೀಟುಗಳಲ್ಲಿ ಮಾತುಕತೆಯ ಅಂಕಕ್ಕೆ ಜಾಗವೇ ಇರಲಿಲ್ಲ. ಸೋತ ವಾದ ಮುಂದೆ ಆಡಳಿತದಲ್ಲಿ ಗೆದ್ದ ಉದಾಹರಣೆಯಿದು.

ಸಂದರ್ಶನದ ಕೋಣೆಯೊಳಗೆ ಏನು ನಡೆಯುತ್ತದೆಂದು ಹತ್ತಿರದಿಂದ ನೋಡಲು ಸಿಗುವುದು ಶ್ರೀನಗರದ ಒಂದು ಪ್ರಕರಣದಲ್ಲಿ. ಅಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಲಿಖಿತ ಪರೀಕ್ಷೆ 100 ಅಂಕ, ಸಂದರ್ಶನ 50. ಆ ಐವತ್ತನ್ನು ಹೀಗೆ ಒಡೆದಿದ್ದರು: ಸಾಮಾನ್ಯ ಜ್ಞಾನ ಮತ್ತು ಅರಿವು 15, ನಿರ್ದಿಷ್ಟ ವಿದ್ಯಮಾನಗಳ ಸ್ಥೂಲ ತಿಳಿವಳಿಕೆ 15, ಪಠ್ಯೇತರ ಚಟುವಟಿಕೆ 10, ಒಟ್ಟಾರೆ ವ್ಯಕ್ತಿತ್ವ 10. ಅಜಯ್ ಹಾಸಿಯಾ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋಗಿ ಹೇಳಿದ್ದೇನೆಂದರೆ, ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಕೂರಿಸಿದರು. ತಂದೆ ಏನು ಮಾಡುತ್ತಾರೆ, ಮನೆ ಎಲ್ಲಿ ಎಂದು ಕೇಳಿದರು. ಆ ನಾಲ್ಕು ಅಂಶಗಳಿಗೆ ಸಂಬಂಧಪಟ್ಟ ಪ್ರಶ್ನೆಯೇ ಬರಲಿಲ್ಲ. ಲಿಖಿತದಲ್ಲಿ ಬಹಳ ಹಿಂದಿದ್ದವರು ಈ ಮೂರು ನಿಮಿಷದಲ್ಲಿ ಮುಂದೆ ಬಂದಿದ್ದರು. ಮೂರು ನಿಮಿಷವೆಂದರೆ ಒಳಗೆ ಬಂದು ನಮಸ್ಕರಿಸಿ, ಕುರ್ಚಿ ಎಳೆದು ಕೂತು, ಹೆಸರು ಹೇಳಿ, ಎರಡು ಮಾತಾಡಿ ಎದ್ದುಹೋಗುವಷ್ಟು ಹೊತ್ತು. ಅಷ್ಟರಲ್ಲಿ ಕಾಣುವುದು ಇಸ್ತ್ರಿಯ ಅಂಗಿ, ಇಂಗ್ಲಿಷಿನ ಉಚ್ಚಾರಣೆ, ಅಪ್ಪನ ಉದ್ಯೋಗ. ಆ ಅಂಕ ಬರೆದ ಸದಸ್ಯರು ಕೆಟ್ಟವರೇ ಆಗಿರಬೇಕಿಲ್ಲ, ಕಂಡದ್ದಕ್ಕೆ ಅಂಕ ಹಾಕಿದ್ದರು. ನ್ಯಾಯಾಲಯ 1980ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಒಟ್ಟು ಅಂಕದ ಶೇ. 15ಕ್ಕಿಂತ ಹೆಚ್ಚನ್ನು ಇಂಥ ಸಂದರ್ಶನಕ್ಕೆ ಇಡುವುದು ಮನಬಂದಂತೆ ನಡೆದುಕೊಂಡಂತೆ ಎಂದಿತು. ಜೊತೆಗೆ ಇನ್ನೊಂದು ಸಲಹೆ ಕೊಟ್ಟಿತು: ಸಂದರ್ಶನವನ್ನು ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಕೊಳ್ಳಿ, ನಾಳೆ ಯಾರಾದರೂ ಪ್ರಶ್ನಿಸಿದರೆ ಕೇಳಿಸಬಹುದು. ಅಂಕದ ಮಿತಿಯನ್ನು ಎಲ್ಲರೂ ನೆನಪಿಟ್ಟುಕೊಂಡರು. ಟೇಪಿನ ಸಲಹೆ ಬಹುಮಟ್ಟಿಗೆ ತೀರ್ಪಿನಲ್ಲೇ ಉಳಿಯಿತು. ನನಗೆ ಅದೇ ಹೆಚ್ಚು ಬೆಲೆಯ ಮಾತೆನಿಸುತ್ತದೆ, ಯಾಕೆಂದರೆ ಅದು ಅಂಕವನ್ನು ಇಳಿಸುವ ಬದಲು ಕೋಣೆಯ ಬಾಗಿಲನ್ನು ತೆರೆಯುತ್ತಿತ್ತು.

ಸಂದರ್ಶನದ ಪರವಾಗಿ ಗಟ್ಟಿಯಾದ ವಾದವೂ ಇದೆ. ಅದನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಒಬ್ಬರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ, ಮುಂದೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾದವರು. 1981ರ ಲೀಲಾಧರ್ ಪ್ರಕರಣದಲ್ಲಿ, ರಾಜಸ್ಥಾನದ ಮುನ್ಸೀಫ್ ಹುದ್ದೆಗಳ ಸಂದರ್ಭದಲ್ಲಿ, ಅವರು ಮಾಡಿದ ಭೇದ ಮುಖ್ಯವಾದದ್ದು. ಶಾಲೆ ಮುಗಿಸಿದ ಹುಡುಗರ ವ್ಯಕ್ತಿತ್ವ ಇನ್ನೂ ಮೂಡುತ್ತಿರುತ್ತದೆ, ಅವರಿಗೆ ಲಿಖಿತವೇ ಸಾಕು. ಆದರೆ ಓದು ಮುಗಿಸಿ ಪ್ರಬುದ್ಧರಾದವರನ್ನು ಜನರ ನಡುವೆ ತೀರ್ಪು ಕೊಡುವ ಹುದ್ದೆಗೆ ಆರಿಸುವಾಗ ಎದುರು ಕೂರಿಸಿ ಮಾತಾಡಿಸದೆ ಆಗುವುದಿಲ್ಲ. ಅಲ್ಲಿ ಶೇ. 25 ಹೆಚ್ಚೇನಲ್ಲ. ಅರ್ಜಿ ಹಿಡಿದು ಬಂದ ರೈತನ ಮುಂದೆ ಗದರುವ ತಹಶೀಲ್ದಾರನನ್ನು ಯಾವ ಉತ್ತರಪತ್ರಿಕೆಯೂ ಹಿಡಿದುಕೊಡುವುದಿಲ್ಲವೆಂಬುದು ನಿಜವೇ. ಆದರೆ ಗದರುವ ಸ್ವಭಾವವನ್ನು ಇಪ್ಪತ್ತು ನಿಮಿಷದ ಸಂದರ್ಶನ ಹಿಡಿಯುತ್ತದೆಯೇ? ಮಂಡಳಿಯ ಮುಂದೆ ಎಲ್ಲರೂ ವಿನಯವಂತರೇ. ನೇಮಕಾತಿಯ ಬಗ್ಗೆ ಮನೋವಿಜ್ಞಾನಿಗಳು ದಶಕಗಳಿಂದ ಮಾಡಿರುವ ಅಧ್ಯಯನಗಳು ಒಂದು ಕಡೆ ತಲೆದೂಗುತ್ತವೆ: ಎಲ್ಲರಿಗೂ ಅವೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಳತೆ ಇದ್ದ ಸಂದರ್ಶನ, ಲೋಕಾಭಿರಾಮದ ಮಾತುಕತೆಗಿಂತ ಚೆನ್ನಾಗಿ ಮುಂದಿನ ಕೆಲಸವನ್ನು ಊಹಿಸುತ್ತದೆ. ಹಾಗಾದರೆ ಚಿನ್ನಪ್ಪ ರೆಡ್ಡಿಯವರ ವಾದವನ್ನು ಒಪ್ಪಿಕೊಂಡೇ ಕೇಳಬಹುದಾದದ್ದು ಉಳಿಯುತ್ತದೆ. ಮಾತಾಡಿಸಿ, ಆದರೆ ಏನು ನೋಡುತ್ತಿದ್ದೀರೆಂದು ಮೊದಲೇ ಹೇಳಿ, ಏನು ಕಂಡಿರೆಂದು ಆಮೇಲೆ ಬರೆದಿಡಿ. 1985ರ ಹರಿಯಾಣ ಪ್ರಕರಣದಲ್ಲಿ ಇದರ ಕೊರತೆ ಎದ್ದು ಕಂಡಿತ್ತು: 61 ಹುದ್ದೆಗೆ 1,300ಕ್ಕೂ ಹೆಚ್ಚು ಜನರನ್ನು ಸಂದರ್ಶನಕ್ಕೆ ಕರೆದಿದ್ದರು. ಸಂದರ್ಶನದ ಪಾಲು ಆಗ ಕೇಂದ್ರ ಲೋಕಸೇವಾ ಆಯೋಗದಲ್ಲಿದ್ದಂತೆ ಶೇ. 12.2 ಮೀರದಿರಲಿ ಎಂದು ನ್ಯಾಯಾಲಯ ಹೇಳಬೇಕಾಯಿತು.

ಪರೀಕ್ಷೆ, ಸಂದರ್ಶನಗಳ ಜೊತೆಗೆ ಮೂರನೆಯ ದಾರಿಯೊಂದು ಇತ್ತೆಂಬುದನ್ನು ಈಗಿನವರು ಮರೆತಿದ್ದಾರೆ: ಸರದಿ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಹುಟ್ಟಿದ ಉದ್ಯೋಗ ವಿನಿಮಯ ಕಚೇರಿಗಳು 1948ರಿಂದ ಎಲ್ಲರಿಗೂ ತೆರೆದವು. ಮಂಗಳೂರಿನ ಬಿ. ಶಿವರಾವ್ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1956ರ ನವೆಂಬರಿನಲ್ಲಿ ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳಿಗೆ ಬಂತು. ಎಸ್ಸೆಸ್ಸೆಲ್ಸಿ ಮುಗಿದೊಡನೆ ಹೆಸರು ನೋಂದಾಯಿಸಿ, ಕಾರ್ಡು ಜೋಪಾನವಾಗಿಟ್ಟು, ಮೂರು ವರ್ಷಕ್ಕೊಮ್ಮೆ ನವೀಕರಿಸಿ, ಸಂದರ್ಶನದ ಕಾಗದಕ್ಕೆ ಅಂಚೆಯವನ ದಾರಿ ಕಾಯುವುದು ಒಂದೆರಡು ತಲೆಮಾರಿನ ಉದ್ಯೋಗ ಹುಡುಕಾಟವೇ ಆಗಿತ್ತು. ಮೊದಲು ಬಂದವರಿಗೆ ಮೊದಲು ಎಂಬ ಈ ನ್ಯಾಯದಲ್ಲಿ ಅಂಕದ ಹೆಮ್ಮೆಯೂ ಇರಲಿಲ್ಲ, ವ್ಯಕ್ತಿತ್ವದ ಪರೀಕ್ಷೆಯೂ ಇರಲಿಲ್ಲ. ಆದರೆ ಖಾಲಿ ಹುದ್ದೆಯನ್ನು ತಿಳಿಸಬೇಕೆಂದು 1959ರ ಕಾಯ್ದೆ ಕಡ್ಡಾಯ ಮಾಡಿತೇ ಹೊರತು, ಅಲ್ಲಿಂದಲೇ ತುಂಬಬೇಕೆಂದು ಹೇಳಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಹೊರಗಿಡಬಾರದು, ಪತ್ರಿಕೆಯಲ್ಲೂ ಪ್ರಕಟಿಸಿ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ, ಸರದಿಯ ಹೊರಗುಳಿದವರು ಕೇಳಿದ್ದರಿಂದಲೇ.

ಕರ್ನಾಟಕದಲ್ಲಿ ಸಂದರ್ಶನದ ಮೇಲಿನ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು 2011ನೆಯ ಸಾಲಿನ 362 ಗೆಜೆಟೆಡ್ ಪ್ರೊಬೇಷನರುಗಳ ಆಯ್ಕೆ. ಆಗ ವ್ಯಕ್ತಿತ್ವ ಪರೀಕ್ಷೆಗೆ 200 ಅಂಕ. ಅಕ್ರಮದ ಆರೋಪಗಳು ಎದ್ದವು, ಅಭ್ಯರ್ಥಿಯೊಬ್ಬರು ದೂರು ಕೊಟ್ಟರು, ಸಿಐಡಿ ತನಿಖೆ ನಡೆಯಿತು. 2014ರ ಆಗಸ್ಟಿನಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂಪಡೆಯಿತು. ಆಡಳಿತ ನ್ಯಾಯಮಂಡಳಿ 2016ರಲ್ಲಿ ಅಭ್ಯರ್ಥಿಗಳ ಪರ ಹೇಳಿತು, ಹೈಕೋರ್ಟ್ 2018ರಲ್ಲಿ ಅದನ್ನು ತಳ್ಳಿಹಾಕಿತು, ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷ. ಈ ಹಗ್ಗಜಗ್ಗಾಟದಲ್ಲಿ ಪ್ರಾಮಾಣಿಕವಾಗಿ ಓದಿ ಪಟ್ಟಿಯಲ್ಲಿದ್ದವರೂ ನೊಂದರು, ಪ್ರಾಮಾಣಿಕವಾಗಿ ಓದಿ ಪಟ್ಟಿಯ ಹೊರಗುಳಿದವರೂ ನೊಂದರು, ಮತ್ತು ಯಾರು ಯಾವ ಗುಂಪಿನವರೆಂದು ಕೊನೆಯವರೆಗೂ ಬಿಡಿಸಿ ಹೇಳಲಾಗಲಿಲ್ಲ. ಲೆಕ್ಕ ಇಡದ ಕೋಣೆಯ ನಿಜವಾದ ಕ್ರೌರ್ಯ ಇದೇ ಎಂದು ನನಗೆ ತೋರುತ್ತದೆ. ಅದು ಗೆದ್ದವನ ಗೆಲುವನ್ನೂ ಕಸಿಯುತ್ತದೆ. ಆಮೇಲೆ ವ್ಯಕ್ತಿತ್ವ ಪರೀಕ್ಷೆಯ ಅಂಕ ಇಳಿಯುತ್ತಾ ಬಂದು, 2024ರ ನೇಮಕಾತಿಯ ಹೊತ್ತಿಗೆ ಮುಖ್ಯ ಪರೀಕ್ಷೆಯ 1,250ರ ಜೊತೆಗೆ ಬರೀ 25 ಆಗಿತ್ತು. ಕೇಂದ್ರ ಸರ್ಕಾರವಂತೂ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಅದಕ್ಕೆ ಸಮನಾದ ಕೆಳಹಂತದ ಹುದ್ದೆಗಳಿಗೂ, ಗ್ರೂಪ್ ಬಿ ನಾನ್-ಗೆಜೆಟೆಡ್ ಹುದ್ದೆಗಳಿಗೂ ಸಂದರ್ಶನವನ್ನೇ ಬಿಟ್ಟಿತು.

ಸಂದರ್ಶನ ಹೋದರೆ ಅಕ್ರಮ ಹೋಗುತ್ತದೆಯೇ ಎಂದು ಕೇಳುವವರಿಗೆ ಉತ್ತರ ನಮ್ಮ ರಾಜ್ಯವೇ ಕೊಟ್ಟಿದೆ. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಸಂದರ್ಶನವಿರಲಿಲ್ಲ. ಓಎಂಆರ್ ಹಾಳೆಗಳನ್ನೇ ತಿದ್ದಿದ ಹಗರಣ ಹೊರಬಂದು, 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಾಗಾದರೆ ಸಂದರ್ಶನವನ್ನು ದೂರಿ ಫಲವೇನು? ಎರಡು ಪ್ರಕರಣಗಳಲ್ಲಿ ಒಂದು ವ್ಯತ್ಯಾಸವಿದೆ. ಓಎಂಆರ್ ಹಾಳೆಗೆ ಕಾರ್ಬನ್ ಪ್ರತಿಯಿರುತ್ತದೆ. ಖಾಲಿ ಬಿಟ್ಟ ವೃತ್ತ ಆಮೇಲೆ ತುಂಬಿಕೊಂಡರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು. ಸಂದರ್ಶನದ ಅಂಕಕ್ಕೆ ಕಾರ್ಬನ್ ಪ್ರತಿಯಿಲ್ಲ. ಕೈತಪ್ಪಿದವರು ಕೇಳುವ ಪ್ರಶ್ನೆಗೆ ಹಿಡಿಯಲು ಏನಾದರೂ ಸಿಕ್ಕರೆ ಮಾತ್ರ ಅದು ಪ್ರಶ್ನೆಯಾಗುತ್ತದೆ, ಇಲ್ಲದಿದ್ದರೆ ಗೊಣಗಾಟವಾಗಿ ಉಳಿಯುತ್ತದೆ. 2024ರ ಆಗಸ್ಟಿನಲ್ಲಿ ನಡೆದ 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲೂ ಇದು ಕಂಡಿತು. ಕನ್ನಡದ ಪ್ರಶ್ನೆಪತ್ರಿಕೆ ಇಂಗ್ಲಿಷಿನ ಕೆಟ್ಟ ಅನುವಾದವಾಗಿತ್ತು, ಎಷ್ಟೋ ಪ್ರಶ್ನೆಗಳ ಅರ್ಥವೇ ಕೆಟ್ಟಿತ್ತು. ಕನ್ನಡದಲ್ಲಿ ಬರೆದವರು ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ತೋರಿಸಬಲ್ಲವರಾಗಿದ್ದರು, ಆದ್ದರಿಂದ ಸರ್ಕಾರ ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರಿನ ಮರುಪರೀಕ್ಷೆಯಲ್ಲೂ ತಪ್ಪುಗಳು ಉಳಿದದ್ದು ನಾಚಿಕೆಗೇಡು. ತನ್ನ ರಾಜ್ಯದಲ್ಲಿ, ತನ್ನ ಭಾಷೆಯಲ್ಲಿ ಓದಿದವನು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಪಕ್ಕದ ಇಂಗ್ಲಿಷನ್ನು ನೋಡಬೇಕಾದರೆ, ಅವನ ಸೋಲನ್ನು ಅವನ ತಯಾರಿಯ ಲೆಕ್ಕಕ್ಕೆ ಬರೆಯಲಾಗದು.

ಇಷ್ಟೆಲ್ಲ ಹೇಳಿದಾಗ ಏಳುವ ನ್ಯಾಯವಾದ ಆಕ್ಷೇಪವೊಂದಿದೆ. ನಾಳೆ ಸಂದರ್ಶನಕ್ಕೆ ಹೋಗುವ ಹುಡುಗಿಗೆ ಈ ಚರಿತ್ರೆಯಿಂದ ಏನು ಪ್ರಯೋಜನ? ವ್ಯವಸ್ಥೆಯೇ ಸರಿಯಿಲ್ಲವೆಂದು ಹೇಳಿ ಅವಳ ಕೈಯಲ್ಲಿರುವ ಪುಸ್ತಕವನ್ನು ಕೆಳಗಿಡಿಸಿದಂತಾಗದೇ? ನಾನು ಹಾಗೆ ಭಾವಿಸುವುದಿಲ್ಲ. ಮೇಲಿನ ಪ್ರಕರಣಗಳಲ್ಲಿ ಪ್ರಶ್ನೆ ಕೇಳಿದವರು ತಯಾರಿ ಬಿಟ್ಟವರಲ್ಲ. ಸುರೇಂದ್ರನಾಥರು ಪರೀಕ್ಷೆ ಪಾಸಾಗಿದ್ದರಿಂದಲೇ ಅವರ ವ್ಯಾಜ್ಯಕ್ಕೆ ತೂಕ ಬಂತು. ಶ್ರೀನಗರದ ಹುಡುಗರ ಕೈಯಲ್ಲಿ ಲಿಖಿತದ ಅಂಕವಿದ್ದುದರಿಂದಲೇ ಸಂದರ್ಶನದ ಅಂಕ ವಿಚಿತ್ರವಾಗಿ ಕಂಡಿತು. ಚೆನ್ನಾಗಿ ತಯಾರಾದವನಿಗೆ ಮಾತ್ರ ತನ್ನ ಸೋಲಿನಲ್ಲಿ ತನ್ನ ಪಾಲೆಷ್ಟು, ಬಾಗಿಲಿನ ಪಾಲೆಷ್ಟು ಎಂದು ಬಿಡಿಸಿ ನೋಡಲು ಬರುತ್ತದೆ. ಎಲ್ಲರೂ ಕೋರ್ಟಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಹಾಕಿ ತನ್ನ ಅಂಕವನ್ನು ಕೇಳುವುದು ಈ ಚರಿತ್ರೆಯ ಸಣ್ಣ ಮುಂದುವರಿಕೆಯೇ. ಅಂಕ ನೋಡಿದಾಗ ‘ಪ್ರಬಂಧದಲ್ಲಿ ಹಿಂದೆ ಬಿದ್ದೆ’ ಎಂದು ಗೊತ್ತಾದರೆ ಮುಂದಿನ ವರ್ಷದ ಓದಿಗೆ ದಾರಿ ಸಿಕ್ಕಿತು. ‘ನಾನು ಯಾವುದಕ್ಕೂ ಆಗದವನು’ ಎಂಬ ಭಾರಕ್ಕಿಂತ ಅದನ್ನು ಹೊರುವುದು ಎಷ್ಟೋ ಹಗುರ.

ಕೇಂದ್ರ ಲೋಕಸೇವಾ ಆಯೋಗವೇ ಈಚೆಗೆ ಒಂದು ಹೆಜ್ಜೆ ಮುಂದಿಟ್ಟಿದೆ. ಕೊನೆಯ ಹಂತದವರೆಗೆ ಬಂದು, ಸಂದರ್ಶನ ಮುಗಿಸಿ, ಅಂತಿಮ ಪಟ್ಟಿಯಲ್ಲಿ ಹೆಸರು ಬರದವರ ವಿವರವನ್ನು ಅವರ ಒಪ್ಪಿಗೆ ಪಡೆದು ಬೇರೆ ಉದ್ಯೋಗದಾತರಿಗೆ ಕೊಡುವ ಏರ್ಪಾಡು ಅದು. 2025ರಿಂದ ಅದರ ಹೆಸರು ‘ಪ್ರತಿಭಾ ಸೇತು’. ಆಯ್ಕೆಯಾಗದವರು ಅನರ್ಹರೆಂದು ಅರ್ಥವಲ್ಲ, ಹುದ್ದೆಗಳು ಅಷ್ಟೇ ಇದ್ದವು ಎಂದು ಆಯ್ಕೆ ಮಾಡುವ ಸಂಸ್ಥೆಯೇ ಒಪ್ಪಿಕೊಂಡಂತೆ. ಆದರೆ ಇಂದು ಉದ್ಯೋಗ ಹುಡುಕುವ ಹೆಚ್ಚಿನವರ ಸಂದರ್ಶನ ಸರ್ಕಾರಿ ಮಂಡಳಿಯ ಮುಂದೆ ನಡೆಯುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ, ಲ್ಯಾಪ್‌ಟಾಪಿನ ತೆರೆಯ ಮೇಲೆ ನಡೆಯುತ್ತದೆ. ಅಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ಹೋಗುವುದಿಲ್ಲ, ಶೇ. 15ರ ಮಿತಿಯೂ ಇಲ್ಲ. ನಾಲ್ಕು ಸುತ್ತು ಮುಗಿಸಿದವರಿಗೆ ‘ನಾವೇ ತಿಳಿಸುತ್ತೇವೆ’ ಎನ್ನುತ್ತಾರೆ, ಮೊಬೈಲು ಹಿಡಿದು ಕಾಯುತ್ತಾ ಕೂತವರಿಗೆ ಎಷ್ಟೋ ಸಲ ಆ ಒಂದು ಸಾಲಿನ ಉತ್ತರವೂ ಬರುವುದಿಲ್ಲ. ಯಾವ ಪ್ರಶ್ನೆಗೆ ಎಷ್ಟು ಅಂಕ ಹಾಕಿದರು, ಎಲ್ಲಿ ಬಿಟ್ಟರು ಎಂದು ಕೇಳುವ ಹಕ್ಕನ್ನು ಆ ಕೋಣೆಯೊಳಗೆ ತಂದ ಉಮೇದುವಾರರು ಇನ್ನೂ ಬಂದಿಲ್ಲ.